ಗಿಂಡಿಯ ಗೇಟುಗಳು

ಐಟಿಐಗೆ ಅರ್ಜಿ ಹಿಡಿದು ಬಂದ ಹುಡುಗನನ್ನು ‘ಮುಂದೆ ಎಂತ ಮಾಡ್ಬೇಕು ಅಂತಿದ್ದಿ?’ ಎಂದು ಕೇಳುವುದು ನಮ್ಮ ಇಲಾಖೆಯಲ್ಲಿ ಒಂದು ಶಾಸ್ತ್ರ. ಅವನು ‘ರೈಲ್ವೆ ಸಾರ್’ ಅನ್ನುತ್ತಾನೆ, ಇಲ್ಲವೇ ‘ಗಲ್ಫ್ ಸಾರ್’ ಅನ್ನುತ್ತಾನೆ. ಪಕ್ಕದಲ್ಲಿ ನಿಂತ ಅಪ್ಪ ತಲೆಯಾಡಿಸುತ್ತಾನೆ. ಫಿಟ್ಟರ್ ಟ್ರೇಡಿಗೆ ಪಾಠ ಹೇಳುತ್ತಲೇ ತಲೆ ನೆರೆಸಿಕೊಂಡ ನನಗೆ ಒಂದು ಸಂಗತಿ ಖಾತ್ರಿಯಾಗಿದೆ: ಆ ಉತ್ತರ ಹುಡುಗನದಲ್ಲ. ಅದರಲ್ಲಿ ಸ್ವಲ್ಪ ಅಪ್ಪನದು, ಸ್ವಲ್ಪ ಹೋದ ವರ್ಷ ಪಾಸಾದ ಪಕ್ಕದ ಮನೆಯವನದು, ಉಳಿದದ್ದೆಲ್ಲ ಊರಿಗೆ ಹತ್ತಿರದ ಕಾರ್ಖಾನೆಯ ಗೇಟಿನದು. ನಾವು ತರಗತಿಯಲ್ಲಿ ಹೇಳುವ ಗುರಿ, ಸಾಧನೆ, ಆತ್ಮವಿಶ್ವಾಸದ ಮಾತಿಗೆ ಅದರಲ್ಲಿ ಪಾಲು ಬಹಳ ಕಡಿಮೆ.

ಇದು ನನಗೆ ಮೊದಲು ಹೊಳೆದದ್ದು ಮದ್ರಾಸಿನ ಗಿಂಡಿಯಲ್ಲಿ. 1980ರ ದಶಕದ ಕೊನೆಗೆ ಇಲಾಖೆ ನನ್ನನ್ನು ಬೋಧಕರ ತರಬೇತಿಗೆಂದು ಅಲ್ಲಿನ ಅಡ್ವಾನ್ಸ್ಡ್ ಟ್ರೇನಿಂಗ್ ಇನ್‌ಸ್ಟಿಟ್ಯೂಟಿಗೆ ಕಳುಹಿಸಿತ್ತು. ಇವತ್ತು ಅದರ ಹೆಸರು ರಾಷ್ಟ್ರೀಯ ಕೌಶಲ ತರಬೇತಿ ಸಂಸ್ಥೆ. ಹೊರಗಿನವರಿಗೆ ಗಿಂಡಿ ಎಂದರೆ ಕುದುರೆ ರೇಸು, ರಾಜಭವನ, ಜಿಂಕೆಗಳ ಕಾಡು. ನಮ್ಮಂಥವರ ಗಿಂಡಿ ಬೇರೆ. ಸರ್ಕಾರಿ ಐಟಿಐ, ಹೆಣ್ಣುಮಕ್ಕಳ ಐಟಿಐ, ಬೋಧಕರನ್ನು ತಯಾರಿಸುವ ಸಂಸ್ಥೆ, 1968ರಲ್ಲಿ ವಿಶ್ವಸಂಸ್ಥೆಯ ನೆರವಿನಿಂದ ಶುರುವಾದ ಪ್ಲಾಸ್ಟಿಕ್ ತಂತ್ರಜ್ಞಾನದ ಸಿಪೆಟ್, ತಮಿಳುನಾಡಿನ ಉದ್ಯೋಗ ಮತ್ತು ತರಬೇತಿ ಇಲಾಖೆಯ ಮುಖ್ಯ ಕಚೇರಿ, ಸುತ್ತಮುತ್ತ ಸಾಲುಗಟ್ಟಿದ ಶೆಡ್ಡುಗಳ ತಿರು ವಿ.ಕ. ಇಂಡಸ್ಟ್ರಿಯಲ್ ಎಸ್ಟೇಟು. ಎಲ್ಲಕ್ಕೂ ಪಿನ್ ಕೋಡ್ ಒಂದೇ, 600032. ಕಲಿಯುವ ಜಾಗ, ಕೆಲಸ ಬೇಕೆಂದು ಹೆಸರು ಬರೆಸುವ ಇಲಾಖೆ, ಕೆಲಸ ಕೊಡುವ ಶೆಡ್ಡು ಇಷ್ಟು ಒತ್ತೊತ್ತಾಗಿರುವ ಊರನ್ನು ನಾನು ಬೇರೆ ಎಲ್ಲಿಯೂ ನೋಡಿಲ್ಲ. ಕಸುಬು ಕಲಿಯುವ ಮಕ್ಕಳ ಆಸೆ ಎಲ್ಲಿಂದ ಹುಟ್ಟಿತು, ಯಾರು ಬೆಳೆಸಿದರು, ಯಾರು ಚಿವುಟಿದರು ಎನ್ನುವುದರ ಚರಿತ್ರೆಯೂ ಇಲ್ಲೇ ಒಂದರ ಮೇಲೊಂದು ಬಿದ್ದಿದೆ.

ಹಿಂದಿನಿಂದಲೇ ಹೇಳುತ್ತೇನೆ. ಸರ್ದಾರ್ ಪಟೇಲ್ ರಸ್ತೆಯಲ್ಲಿರುವ ಇಂಜಿನಿಯರಿಂಗ್ ಕಾಲೇಜಿನ ಬೇರು 1794ಕ್ಕೆ ಹೋಗುತ್ತದೆ. ಆಗ ಅದು ಗಿಂಡಿಯಲ್ಲಿರಲಿಲ್ಲ, ಕಾಲೇಜೂ ಆಗಿರಲಿಲ್ಲ. ಈಸ್ಟ್ ಇಂಡಿಯಾ ಕಂಪನಿಯ ಖಗೋಳಜ್ಞ ಮೈಕೆಲ್ ಟಾಪಿಂಗ್ ಎಂಬಾತ ನಡೆಸಿದ ಸರ್ವೆ ಶಾಲೆ ಅದು. ಮೊದಲ ವಿದ್ಯಾರ್ಥಿಗಳು ಎಂಟೇ ಮಂದಿ, ಎಲ್ಲರೂ ಎಗ್ಮೋರಿನ ಗಂಡುಮಕ್ಕಳ ಅನಾಥಾಲಯದಿಂದ ಬಂದವರು. ಇಂಗ್ಲೆಂಡಿನಿಂದ ಸರ್ವೆಯರುಗಳನ್ನು ಕರೆಸಿದರೆ ಖರ್ಚು ಹೆಚ್ಚು, ಇಲ್ಲಿಯ ಹುಡುಗರಿಗೆ ಸರಪಳಿ ಎಳೆಯುವುದು, ಕೋನ ನೋಡುವುದು, ನಕ್ಷೆ ಬರೆಯುವುದು ಕಲಿಸಿದರೆ ಅಗ್ಗ. ಕಂಪನಿಯ ಲೆಕ್ಕ ಇಷ್ಟೇ. ಟಿಪ್ಪು ಸತ್ತ ಮೇಲೆ ಕಾಲಿನ್ ಮೆಕೆಂಜಿ ಮೈಸೂರು ಸೀಮೆಯ ಸರ್ವೆ ಹಿಡಿದಾಗ ಈ ಶಾಲೆಯಲ್ಲಿ ಕಲಿತ ಹುಡುಗರೇ ಸಹಾಯಕರಾಗಿ ಜೊತೆಗೆ ಬಂದರು. ನಮ್ಮ ಕೆರೆ, ಗುಡ್ಡ, ಹಳ್ಳಿಗಳನ್ನು ಕಾಗದದ ಮೇಲೆ ಕೂರಿಸಿದ ಆ ಮೊದಲ ನಕ್ಷೆಗಳಲ್ಲಿ ಮದ್ರಾಸಿನ ಅನಾಥ ಮಕ್ಕಳ ಕೈಯಿದೆ. ಅವರಿಗೆ ಏನಾಗಬೇಕೆಂಬ ಆಸೆಯಿತ್ತು ಎಂದು ಯಾರೂ ಕೇಳಿದಂತಿಲ್ಲ. ಕಲಿಕೆಗೂ ಕೆಲಸಕ್ಕೂ ನಡುವೆ ಬಿರುಕೇ ಇರಲಿಲ್ಲ. ಕಲಿಸಿದವನೇ ಕೆಲಸ ಕೊಡುವವನು.

ಆ ಶಾಲೆ 1859ರ ಹೊತ್ತಿಗೆ ಸಿವಿಲ್ ಇಂಜಿನಿಯರಿಂಗ್ ಕಾಲೇಜಾಯಿತು, 1920ರಲ್ಲಿ ಗಿಂಡಿಗೆ ಬಂತು. ಅದಕ್ಕೆ ಮೊದಲೇ, 1888ರಲ್ಲಿ, ಆಲ್ಫ್ರೆಡ್ ಚಾಟರ್ಟನ್ ಎಂಬ ಇಂಗ್ಲಿಷರವನು ಆ ಕಾಲೇಜಿಗೆ ಪ್ರೊಫೆಸರನಾಗಿ ಬಂದಿದ್ದ. ಕನ್ನಡಿಗರು ಮರೆಯಬಾರದ ಹೆಸರು ಇದು. ಈತ ಪಾಠ ಹೇಳುವುದರಲ್ಲಿ ತೃಪ್ತನಾಗಲಿಲ್ಲ. 1898ರಲ್ಲಿ ಮದ್ರಾಸಿನ ಆರ್ಟ್ಸ್ ಸ್ಕೂಲಿನಲ್ಲಿ ಅಲ್ಯೂಮಿನಿಯಂ ಪಾತ್ರೆ ಮಾಡುವ ಕೆಲಸ ಶುರುಮಾಡಿಸಿದ, ಆಮೇಲೆ ಕ್ರೋಮ್ ಚರ್ಮದ ಹದಗಾರಿಕೆ ಹಿಡಿದ. ಕಲಿಸಿದರೆ ಸಾಲದು, ಕಲಿತದ್ದರಿಂದ ದುಡ್ಡು ಹುಟ್ಟುತ್ತದೆ ಎಂದು ಕಣ್ಣೆದುರು ತೋರಿಸಬೇಕು ಎನ್ನುವುದು ಅವನ ಹಟ. ಮದ್ರಾಸಿನ ಯುರೋಪಿಯನ್ ವ್ಯಾಪಾರಿಗಳಿಗೆ ಇದು ಸಹಿಸಲಿಲ್ಲ. 1910ರಲ್ಲಿ ಲಂಡನ್ನಿನಿಂದ ಭಾರತ ಮಂತ್ರಿ ಲಾರ್ಡ್ ಮಾರ್ಲಿಯ ಆದೇಶ ಬಂತು. ಸರ್ಕಾರದ ಹಣದಲ್ಲಿ ಹೊಸ ಕಸುಬು ಕಲಿಸಬಹುದು, ಆದರೆ ಸರ್ಕಾರ ಉದ್ದಿಮೆ ನಡೆಸಕೂಡದು ಎಂಬುದು ಅದರ ತಾತ್ಪರ್ಯ. ಕಲಿಸು, ಕೆಲಸದ ಗೊಡವೆ ಬೇಡ! ನನ್ನ ಪ್ರಕಾರ ನಮ್ಮ ದೇಶದ ತಾಂತ್ರಿಕ ಶಿಕ್ಷಣಕ್ಕೆ ಹಿಡಿದ ಗ್ರಹಣ ಆ ಒಂದು ಕಾಗದದಿಂದ ಶುರು. ಸರ್ಟಿಫಿಕೇಟಿನ ಮೇಲೆ ಸರ್ಕಾರದ ಮೊಹರು ಇರುತ್ತದೆ, ಅದನ್ನು ಹಿಡಿದು ಎಲ್ಲಿಗೆ ಹೋಗಬೇಕು ಎನ್ನುವುದಕ್ಕೆ ಮಾತ್ರ ಯಾರ ಮೊಹರೂ ಇಲ್ಲ.

ಚಾಟರ್ಟನ್ 1912ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದು ಕೈಗಾರಿಕೆ ಮತ್ತು ವಾಣಿಜ್ಯ ಇಲಾಖೆಯ ನಿರ್ದೇಶಕನಾದ. ಅದೇ ವರ್ಷ ವಿಶ್ವೇಶ್ವರಯ್ಯನವರು ದಿವಾನರಾದರು. ಮಾರ್ಲಿಯ ಬೇಲಿ ಇಲ್ಲಿಗೆ ಎಟುಕಲಿಲ್ಲ. 1916ರಲ್ಲಿ ಬೆಂಗಳೂರಲ್ಲಿ ಗಂಧದೆಣ್ಣೆ ಕಾರ್ಖಾನೆ, ಹಿಂದೆಯೇ ಸಾಬೂನು ಕಾರ್ಖಾನೆ, 1917ರಲ್ಲಿ ಇಂಜಿನಿಯರಿಂಗ್ ಕಾಲೇಜು, 1923ರಲ್ಲಿ ಭದ್ರಾವತಿಯ ಕುಲುಮೆಗೆ ಬೆಂಕಿ. ಸಂಸ್ಥಾನದಲ್ಲಿ ಇಂಜಿನಿಯರಿಂಗ್ ಕಲಿಯಲು ಜಾಗವಿಲ್ಲದೆ ಪುಣೆಗೆ ಹೋಗಿ ಓದಿ ಬಂದಿದ್ದ ವಿಶ್ವೇಶ್ವರಯ್ಯನವರಿಗೆ ಶಾಲೆ ಮತ್ತು ಕಾರ್ಖಾನೆ ಜೋಡಿಯಾಗಿ ಬರಬೇಕು ಎನ್ನುವುದು ಗೊತ್ತಿತ್ತು. ಮುಂದೆ ಭದ್ರಾವತಿ ಕಾರ್ಖಾನೆಯ ಕೆಲಸಕ್ಕಾಗಿ ತಮಗೆ ಬರಬೇಕಿದ್ದ, ಲಕ್ಷ ರೂಪಾಯಿಗೂ ಮಿಕ್ಕಿದ ಹಣವನ್ನು ಅವರು ಕೈಗೆ ತೆಗೆದುಕೊಳ್ಳದೆ, ಹುಡುಗರಿಗೆ ಕಸುಬು ಕಲಿಸುವ ಸಂಸ್ಥೆಗೆ ಕೊಡಿ ಅಂದರು. ತಮ್ಮ ಹೆಸರು ಬೇಡ, ಮಹಾರಾಜರ ಹೆಸರಿಡಿ ಅಂದರು. 1943ರ ಶ್ರೀ ಜಯಚಾಮರಾಜೇಂದ್ರ ಆಕ್ಯುಪೇಶನಲ್ ಇನ್‌ಸ್ಟಿಟ್ಯೂಟ್ ಅದು, ಈಗ ಬೆಂಗಳೂರಿನವರ ಬಾಯಲ್ಲಿ ಎಸ್‌ಜೆಪಿ. ಅಲ್ಲಿ ಛಾಯಾಗ್ರಹಣ ಕಲಿತು 1946ರಲ್ಲಿ ಡಿಪ್ಲೊಮಾ ಪಡೆದ ಮೈಸೂರಿನ ವಿ.ಕೆ. ಮೂರ್ತಿ ಬೊಂಬಾಯಿಗೆ ಹೋಗಿ ಗುರುದತ್ತರ ಚಿತ್ರಗಳಿಗೆ ಬೆಳಕು ಹಿಡಿದರು.

ಅದೇ ವರ್ಷಗಳಲ್ಲಿ ಗಿಂಡಿ ಕಾಲೇಜಿನಲ್ಲಿ ಇನ್ನೊಂದು ಸಂಗತಿ ನಡೆಯುತ್ತಿತ್ತು. ಎ. ಲಲಿತಾ ಎಂಬ ಹುಡುಗಿ, ಹದಿನೈದಕ್ಕೆ ಮದುವೆಯಾಗಿ ಹದಿನೆಂಟಕ್ಕೆ ವಿಧವೆಯಾದವಳು, ಮಡಿಲಲ್ಲಿ ಕೂಸು. ಅವಳ ತಂದೆ ಪಪ್ಪು ಸುಬ್ಬರಾವ್ ಅದೇ ಕಾಲೇಜಿನಲ್ಲಿ ಎಲೆಕ್ಟ್ರಿಕಲ್ ಪ್ರೊಫೆಸರ್. ಹೆಣ್ಣುಮಕ್ಕಳೇ ಇಲ್ಲದ ಕಾಲೇಜಿಗೆ ಮಗಳನ್ನು ಸೇರಿಸಿಕೊಳ್ಳಿ ಎಂದು ಪ್ರಿನ್ಸಿಪಾಲ್ ಕೆ.ಸಿ. ಚಾಕೋ ಅವರನ್ನು ಒಪ್ಪಿಸಿದರು. 1943ರಲ್ಲಿ ಲಲಿತಾ ಎಲೆಕ್ಟ್ರಿಕಲ್ ಇಂಜಿನಿಯರ್ ಆದರು, ಹಿಂದೆಯೇ ಪಿ.ಕೆ. ತ್ರೇಸ್ಯಾ, ಲೀಲಮ್ಮ ಜಾರ್ಜ್ ಸೇರಿ ಅವರಿಬ್ಬರೂ ಸಿವಿಲ್ ಮುಗಿಸಿದರು. ಜಮಾಲ್‌ಪುರದ ರೈಲ್ವೆ ವರ್ಕ್‌ಶಾಪಿನಲ್ಲಿ ಒಂದು ವರ್ಷ ಪ್ರಾಯೋಗಿಕ ತರಬೇತಿ ಮುಗಿಸಿದ ಲಲಿತಾ ಕೆಲಸಕ್ಕೆ ಆರಿಸಿಕೊಂಡ ಜಾಗ ಶಿಮ್ಲಾ, ಕಾರಣ ಅಣ್ಣನ ಮನೆ ಅಲ್ಲಿತ್ತು. ಆಮೇಲೆ ಕಲ್ಕತ್ತ, ಕಾರಣ ಇನ್ನೊಬ್ಬ ಸೋದರನ ಮನೆ ಅಲ್ಲಿತ್ತು. ಮಗುವನ್ನು ನೋಡಿಕೊಳ್ಳುವವರು ಯಾವ ಊರಲ್ಲಿದ್ದಾರೋ ಆ ಊರಲ್ಲಿ ಉದ್ಯೋಗ. ಇವತ್ತಿಗೂ ನಮ್ಮ ಐಟಿಐಯ ಹೆಣ್ಣುಮಕ್ಕಳು ಬಸ್ಸಿನ ಕೊನೆಯ ಟ್ರಿಪ್ಪು ಎಷ್ಟು ಗಂಟೆಗೆ ಎಂದು ಕೇಳಿಕೊಂಡೇ ಕಂಪನಿ ಆರಿಸುವುದು. ಅದನ್ನು ಮಹತ್ವಾಕಾಂಕ್ಷೆಯ ಕೊರತೆ ಎನ್ನುವವರು ಎರಡನೇ ಶಿಫ್ಟು ಬಿಟ್ಟ ಮೇಲೆ ಒಮ್ಮೆ ಬಸ್ ಸ್ಟ್ಯಾಂಡಿನಲ್ಲಿ ನಿಂತು ನೋಡಬೇಕು.

ಇನ್ನು ಅಪ್ಪಂದಿರ ವಿಷಯ. ಇಲ್ಲಿ ನಾನು ಸ್ವಲ್ಪ ಹೊತ್ತು ಕೂರಬೇಕು.

ನಮ್ಮದು ಪುತ್ತೂರಿನ ಕಡೆ. ನನ್ನ ಅಪ್ಪ ಕಬ್ಬಿಣದ ಕೆಲಸದ ಆಚಾರಿ. ನೇಗಿಲ ಗುಳ, ಕತ್ತಿ, ಹಾರೆ, ಅಡಕೆ ಮರ ಹತ್ತುವವರ ಕೊಕ್ಕೆ, ಎಲ್ಲ ಅವರ ಕೈಯಲ್ಲಿ ಆಗುತ್ತಿತ್ತು. ಕೂಲಿಯ ಬದಲು ಕೆಲವರು ಭತ್ತ ಕೊಡುತ್ತಿದ್ದರು, ಕೆಲವರು ‘ಮತ್ತೆ ಕೊಡುವ ಆಚಾರ್ರೇ’ ಅನ್ನುತ್ತಿದ್ದರು. ಆಗ ದಕ್ಷಿಣ ಕನ್ನಡ ಮದ್ರಾಸ್ ರಾಜ್ಯದಲ್ಲಿತ್ತು. 1953ರಲ್ಲಿ ಮುಖ್ಯಮಂತ್ರಿ ರಾಜಾಜಿಯವರು ಹಳ್ಳಿಯ ಪ್ರಾಥಮಿಕ ಶಾಲೆಗಳಿಗೆ ಹೊಸ ವ್ಯವಸ್ಥೆ ತಂದರು. ಮಕ್ಕಳಿಗೆ ದಿನಕ್ಕೆ ಮೂರು ಗಂಟೆ ಮಾತ್ರ ಶಾಲೆ, ಪಾಳಿಯ ಮೇಲೆ. ಉಳಿದ ಹೊತ್ತು ಮನೆಯಲ್ಲಿ ಅಪ್ಪ ಮಾಡುವ ಕಸುಬು ಕಲಿಯಲಿ. ಅದೇ ಕಟ್ಟಡ, ಅದೇ ಮಾಸ್ತರರಲ್ಲಿ ಎರಡರಷ್ಟು ಮಕ್ಕಳಿಗೆ ಕಲಿಸಬಹುದು, ಜೊತೆಗೆ ಕೈಕೆಲಸದ ಮರ್ಯಾದೆಯೂ ಉಳಿಯುತ್ತದೆ ಎನ್ನುವುದು ಅವರ ವಾದ. ಪೆರಿಯಾರರು ಇದನ್ನು ‘ಕುಲ ಕಲ್ವಿ ತಿಟ್ಟಂ’, ಅಂದರೆ ಕುಲಕಸುಬಿನ ಶಿಕ್ಷಣ ಯೋಜನೆ, ಎಂದು ಕರೆದು ಬೀದಿಗಿಳಿದರು. ಕಾಂಗ್ರೆಸ್ಸಿನ ಒಳಗೇ ಕಾಮರಾಜರು ವಿರೋಧಿಸಿದರು. ಬಡಗಿಯ ಮಗ ಬಡಗಿ, ಕ್ಷೌರಿಕನ ಮಗ ಕ್ಷೌರಿಕ ಎಂದು ಸರ್ಕಾರವೇ ಬರೆದುಕೊಟ್ಟಂತಾಯಿತಲ್ಲ ಎಂಬುದು ಅವರ ಪ್ರಶ್ನೆ. 1954ರ ಏಪ್ರಿಲ್‌ನಲ್ಲಿ ರಾಜಾಜಿ ಇಳಿದರು, ಕಾಮರಾಜರು ಬಂದರು, ಮೇ ತಿಂಗಳಲ್ಲಿ ಯೋಜನೆ ಹೋಯಿತು.

ನಾನು ಆಗ ಹುಟ್ಟಿರಲಿಲ್ಲ. ಅಣ್ಣ ಶಾಲೆಗೆ ಹೋಗುತ್ತಿದ್ದ. ಅರ್ಧ ದಿನ ಶಾಲೆ ಅಂದಾಗ ಅವನಿಗೆ ಖುಷಿಯೋ ಖುಷಿ. ಊರ ಪಟೇಲರು ಅಪ್ಪನಿಗೆ, ‘ಆಚಾರ್ರೇ, ಇನ್ನು ಮಗನನ್ನು ಕುಲುಮೆಗೆ ಕರ್ಕೊಳ್ಳಿ ಅಂತ ಸರ್ಕಾರವೇ ಹೇಳ್ತದೆ’ ಎಂದರಂತೆ. ಅಪ್ಪ ತಿದಿ ಒತ್ತುತ್ತಲೇ ಅಂದದ್ದನ್ನು ಅಮ್ಮ ಬದುಕಿರುವ ತನಕ ಹೇಳುತ್ತಿದ್ದರು: ‘ಕುಲುಮೆಗೆ ಬರ್ಲಿಕ್ಕೆ ಸರ್ಕಾರ ಯಾಕೆ ಹೇಳ್ಬೇಕು? ಇಲ್ಲಿಂದ ಹೋಗ್ಲಿಕ್ಕೆ ದಾರಿ ಇದ್ರೆ ಹೇಳ್ಲಿ.’

ಆ ಗಲಾಟೆಯ ಬಗ್ಗೆ ನಾನು ಓದಿರುವ ಯಾವ ಬರಹದಲ್ಲೂ ಇಷ್ಟು ನೇರವಾದ ವಿಮರ್ಶೆ ನನಗೆ ಸಿಕ್ಕಿಲ್ಲ. ಕೈಕೆಲಸಕ್ಕೆ ಮರ್ಯಾದೆ ಬೇಕು ಎಂಬುದರಲ್ಲಿ ರಾಜಾಜಿ ಸುಳ್ಳು ಹೇಳಲಿಲ್ಲ. ಆದರೆ ಮರ್ಯಾದೆಯನ್ನು ಕಸುಬಿನ ಮನೆಯಲ್ಲೇ ಹುಟ್ಟಿದವನಿಗೆ ಬೋಧಿಸಲು ಹೊರಟರು, ಅದನ್ನು ಕೊಡಬೇಕಾದವರಿಗೆ ಬೋಧಿಸಲಿಲ್ಲ. ರಾಜಾಜಿ, ಕಾಮರಾಜರು ಇಬ್ಬರ ಸ್ಮಾರಕಗಳೂ ಈಗ ಗಿಂಡಿಯಲ್ಲಿ, ಗಾಂಧಿ ಮಂಟಪದ ಒಂದೇ ಆವರಣದಲ್ಲಿ ಇವೆ. ಭಾನುವಾರ ಸಂಜೆ ಅಲ್ಲಿ ಕಡಲೆಕಾಯಿ ತಿನ್ನುತ್ತ ಕೂತವರಲ್ಲಿ ಎಷ್ಟು ಮಂದಿಗೆ ಆ ಜಗಳ ನೆನಪಿದೆಯೋ. ನಮ್ಮ ಬೆಂಗಳೂರು ಇನ್ನೂ ತಮಾಷೆ: ಹಳೆಯ ಇಂಡಸ್ಟ್ರಿಯಲ್ ಎಸ್ಟೇಟುಗಳಲ್ಲೊಂದು ಇರುವುದು ರಾಜಾಜಿನಗರದಲ್ಲಿ.

ಆ ಜಗಳದ ನೆರಳನ್ನು ನಾನು ಸರ್ವಿಸಿನುದ್ದಕ್ಕೂ ಪ್ರವೇಶದ ದಿನ ನೋಡಿದ್ದೇನೆ. ಮೊದಲು ತುಂಬುವುದು ಎಲೆಕ್ಟ್ರಿಷಿಯನ್ ಸೀಟು. ಆಮೇಲೆ ಫಿಟ್ಟರ್. ಆಮೇಲೆ ಟರ್ನರ್, ಮೆಷಿನಿಸ್ಟ್. ವೆಲ್ಡರ್ ಸೀಟಿಗೆ ಒತ್ತಾಯ ಮಾಡಬೇಕು. ಕಾರ್ಪೆಂಟರ್ ಟ್ರೇಡಂತೂ ಕೇಳುವವರಿಲ್ಲದೆ ಎಷ್ಟೋ ಕಡೆ ಮುಚ್ಚಿಹೋಯಿತು. ಬಡಗಿಯ ಮಗ ಅದಕ್ಕೆ ಬರುವುದಿಲ್ಲ, ಬಡಗಿಯಲ್ಲದವನ ಮಗ ಮೊದಲೇ ಬರುವುದಿಲ್ಲ. ಎಲೆಕ್ಟ್ರಿಷಿಯನ್‌ಗೆ ಯಾಕೆ ಇಷ್ಟು ನೂಕುನುಗ್ಗಲು ಎಂದು ಅಧಿಕಾರಿಗಳು ಸಮೀಕ್ಷೆ ಮಾಡಿಸುತ್ತಾರೆ. ನನ್ನನ್ನು ಕೇಳಿದ್ದರೆ ಬಿಟ್ಟಿಯಾಗಿ ಹೇಳುತ್ತಿದ್ದೆ. ವಿದ್ಯುತ್ತು ನಮ್ಮ ದೇಶಕ್ಕೆ ಬಂದು ನೂರು ಚಿಲ್ಲರೆ ವರ್ಷವಷ್ಟೆ. ಅದನ್ನು ಕುಲಕಸುಬು ಮಾಡಿಕೊಂಡ ಜಾತಿ ಇಲ್ಲ. ತಂತಿ ಎಳೆಯುವವನ ಅಜ್ಜ ಯಾರು ಎಂದು ಯಾರಿಗೂ ತಿಳಿಯುವುದಿಲ್ಲ. ನಾನು ಫಿಟ್ಟರ್ ಆದೆ. ಮಂಗಳೂರಿನ ಕದ್ರಿಯ ಐಟಿಐಯಲ್ಲಿ ಮೊದಲ ತಿಂಗಳುಗಳಲ್ಲಿ ಮಾಡಿದ್ದು ಬೆಂಚ್ ವೈಸಿಗೆ ಕಬ್ಬಿಣದ ತುಂಡು ಕಟ್ಟಿ ಅರ ಹಾಕಿದ್ದು, ಟ್ರೈಸ್ಕ್ವೇರ್ ಹಿಡಿದು ಬೆಳಕು ಸೋರುತ್ತದೆಯೇ ನೋಡಿದ್ದು, ಮತ್ತೆ ಅರ ಹಾಕಿದ್ದು. ಅಪ್ಪ ಮಾಡುತ್ತಿದ್ದುದೂ ಅದೇ ಕಬ್ಬಿಣದ ಕೆಲಸ. ವ್ಯತ್ಯಾಸ ಏನೆಂದರೆ ನನಗೆ ಖಾಕಿ ಸಮವಸ್ತ್ರ ಇತ್ತು, ಕೊನೆಗೆ ರಾಷ್ಟ್ರೀಯ ವೃತ್ತಿ ತರಬೇತಿ ಮಂಡಳಿಯ ಸರ್ಟಿಫಿಕೇಟ್ ಸಿಕ್ಕಿತು, ‘ಆಚಾರಿ ಮಗ’ ಅನ್ನುತ್ತಿದ್ದವರು ‘ಐಟಿಐ ಮಾಡಿದವ’ ಅಂದರು.

ಈ ಸರ್ಟಿಫಿಕೇಟಿನ ಹಿಂದೆ ನಮ್ಮ ಜಿಲ್ಲೆಯವರೇ ಒಬ್ಬರಿದ್ದಾರೆ ಎನ್ನುವುದು ನನಗೆ ತಿಳಿದದ್ದು ಗಿಂಡಿಯ ಗ್ರಂಥಾಲಯದಲ್ಲಿ. ಎರಡನೇ ಮಹಾಯುದ್ಧ ಮುಗಿದಾಗ ಸೈನ್ಯದಿಂದ ಬಿಡುಗಡೆಯಾದವರಿಗೆ ಕೆಲಸ ಹುಡುಕಿಕೊಡಲು 1945ರಲ್ಲಿ ಕೇಂದ್ರ ಸರ್ಕಾರ ಒಂದು ಇಲಾಖೆ ಮಾಡಿತು. ದೇಶ ವಿಭಜನೆಯಾದಾಗ ನಿರಾಶ್ರಿತರಿಗೂ ಅದೇ ದಿಕ್ಕು. 1950ರಲ್ಲಿ ಕುಶಲಕರ್ಮಿ ತರಬೇತಿ ಯೋಜನೆ ಶುರುವಾಯಿತು. ಐಟಿಐಗಳು ಅದರ ಮಕ್ಕಳು. ತಾತ್ಕಾಲಿಕವಾಗಿ ಹುಟ್ಟಿದ ಈ ವ್ಯವಸ್ಥೆಯನ್ನು ಉಳಿಸಬೇಕೇ, ಮುಚ್ಚಬೇಕೇ ಎಂದು ಹೇಳಲು 1952ರಲ್ಲಿ ಒಂದು ಸಮಿತಿ ನೇಮಕವಾಯಿತು. ಅಧ್ಯಕ್ಷರು ಬೆನಗಲ್ ಶಿವರಾವ್. ಮಂಗಳೂರಿನವರು, ಸಂವಿಧಾನ ಸಭೆಯ ಸಲಹೆಗಾರರಾಗಿದ್ದ ಬಿ.ಎನ್. ರಾವ್ ಅವರ ಸೋದರ, ಮೊದಲ ಲೋಕಸಭೆಯಲ್ಲಿ ದಕ್ಷಿಣ ಕನ್ನಡದ ಸದಸ್ಯರು.

ಶಿವರಾವ್ ಪತ್ರಕರ್ತರೆಂದು ಎಲ್ಲರಿಗೂ ಗೊತ್ತು. ಅದಕ್ಕೂ ಮೊದಲು ಅವರು ಮದ್ರಾಸಿನ ಕಾರ್ಮಿಕರ ಮನುಷ್ಯ. 1918ರಲ್ಲಿ ಪೆರಂಬೂರಿನ ಬಕಿಂಗ್‌ಹ್ಯಾಮ್ ಮತ್ತು ಕರ್ನಾಟಿಕ್ ಗಿರಣಿಗಳ ಕಾರ್ಮಿಕರು ಮದ್ರಾಸ್ ಲೇಬರ್ ಯೂನಿಯನ್ ಕಟ್ಟಿದರಲ್ಲ, ಅದರ ಅಧ್ಯಕ್ಷ ಬಿ.ಪಿ. ವಾಡಿಯಾ ಅವರ ಬಳಗದಲ್ಲಿ ಶಿವರಾವ್ ಇದ್ದರು, ತಮಿಳು ವಿದ್ವಾಂಸ ತಿರು ವಿ. ಕಲ್ಯಾಣಸುಂದರಂ ಇದ್ದರು. ಲಂಡನ್ನಿನ ಮೊದಲ ದುಂಡುಮೇಜಿನ ಪರಿಷತ್ತಿಗೆ ಶಿವರಾವ್ ಹೋದದ್ದು ಕಾರ್ಮಿಕರ ಪ್ರತಿನಿಧಿಯಾಗಿ. 1939ರಲ್ಲಿ ಭಾರತದ ಕೈಗಾರಿಕಾ ಕಾರ್ಮಿಕನ ಬಗ್ಗೆಯೇ ಒಂದು ಪುಸ್ತಕ ಬರೆದರು. ಹಾಗಾಗಿ ಅವರ ಸಮಿತಿಯ ಹೆಸರಿನಲ್ಲೇ ತರಬೇತಿ ಮತ್ತು ಉದ್ಯೋಗ ಜೋಡಿಯಾಗಿ ಇದ್ದದ್ದು ನನಗೆ ಕಾಕತಾಳೀಯ ಅನ್ನಿಸುವುದಿಲ್ಲ. ಗಿರಣಿ ಗೇಟಿನ ಮುಂದೆ ನಿಂತು ಗೊತ್ತಿದ್ದವರು ಕಲಿಸುವುದನ್ನೂ ಕೆಲಸ ಕೊಡಿಸುವುದನ್ನೂ ಬೇರೆ ಬೇರೆ ಫೈಲು ಮಾಡುವುದಿಲ್ಲ. 1954ರಲ್ಲಿ ವರದಿ ಬಂತು: ವ್ಯವಸ್ಥೆ ಕಾಯಂ ಆಗಲಿ, ದಿನನಿತ್ಯದ ಆಡಳಿತ ರಾಜ್ಯಗಳಿಗೆ ಹೋಗಲಿ. ಅದು ಜಾರಿಯಾದ ದಿನ 1956ರ ನವೆಂಬರ್ 1. ಅದೇ ದಿನ ಅವರ ದಕ್ಷಿಣ ಕನ್ನಡ ಜಿಲ್ಲೆ ಮದ್ರಾಸ್ ಬಿಟ್ಟು ಮೈಸೂರು ಸೇರಿತು, ಕಾಸರಗೋಡು ಕೇರಳದ ಪಾಲಾಯಿತು. ಕಾಸರಗೋಡಿನ ಕನ್ನಡದ ಹುಡುಗ ಉದ್ಯೋಗಕ್ಕೆ ಹೆಸರು ಬರೆಸುವ ರಾಜ್ಯವೇ ಒಂದೇ ರಾತ್ರಿಯಲ್ಲಿ ಬದಲಾಯಿತು.

ಎರಡು ವರ್ಷಕ್ಕೆ, 1958ರಲ್ಲಿ, ಗಿಂಡಿಯ ಇಂಡಸ್ಟ್ರಿಯಲ್ ಎಸ್ಟೇಟ್ ಬಂತು. ಕಾಮರಾಜರು ಮುಖ್ಯಮಂತ್ರಿ, ಮುಂದೆ ರಾಷ್ಟ್ರಪತಿಯಾದ ಆರ್. ವೆಂಕಟರಾಮನ್ ಕೈಗಾರಿಕಾ ಮಂತ್ರಿ. ಸುಮಾರು 400 ಎಕರೆ. ದೇಶದಲ್ಲಿ ಈ ಬಗೆಯ ಮೊದಮೊದಲ ಪ್ರಯೋಗಗಳಲ್ಲಿ ಒಂದು. ಸರ್ಕಾರ ಶೆಡ್ಡು ಕಟ್ಟಿ, ರಸ್ತೆ, ನೀರು, ಕರೆಂಟು ಕೊಟ್ಟು ಸಣ್ಣ ಉದ್ದಿಮೆದಾರರಿಗೆ ಬಿಟ್ಟುಕೊಡುವುದು. ಎಸ್ಟೇಟಿಗೆ ಯಾವ ಉದ್ಯಮಿಯ ಹೆಸರನ್ನೂ ಇಡದೆ ಯೂನಿಯನ್ ಕಟ್ಟಿದ ತಿರು ವಿ.ಕ. ಅವರ ಹೆಸರಿಟ್ಟರು. 1960ರಲ್ಲಿ ಹಿಂದೂಸ್ತಾನ್ ಟೆಲಿಪ್ರಿಂಟರ್ಸ್ ಗಿಂಡಿಗೆ ಬಂತು. 1961ರಲ್ಲಿ ಅಪ್ರೆಂಟಿಸ್ ಕಾಯಿದೆಯಾಯಿತು. ಇಷ್ಟಾದ ಮೇಲೆ ಹುಡುಗರ ಆಸೆಗೆ ಒಂದು ಆಕಾರ ಬಂತು: ಐಟಿಐ, ಒಂದು ವರ್ಷ ಅಪ್ರೆಂಟಿಸ್, ಕಾಯಂ ಕೆಲಸ, ಕ್ಯಾಂಟೀನು, ಪಿಎಫ್. ಬೆಂಗಳೂರಿನಲ್ಲಿ ಎಚ್‌ಎಎಲ್, ಎಚ್‌ಎಂಟಿ, ಬಿಇಎಲ್, ಟೆಲಿಫೋನ್ ಕಾರ್ಖಾನೆಗಳು ಇದೇ ಆಸೆಯನ್ನು ಇನ್ನೂ ದೊಡ್ಡದಾಗಿ ಬೆಳೆಸಿದವು. ಕಂಪನಿಯ ಬಸ್ಸು ಬಂದು ಬೀದಿಯ ಕೊನೆಗೆ ನಿಂತರೆ ಸಾಕಿತ್ತು, ಯಾವ ಉಪನ್ಯಾಸವೂ ಬೇಕಿರಲಿಲ್ಲ.

ನಾನು ತರಬೇತಿಗೆ ಹೋದಾಗ ಅಣ್ಣ ಆಗಲೇ ಮದ್ರಾಸಿನಲ್ಲಿ ಹಳಬ. ಶಾಲೆ ಬಿಟ್ಟು ಹೋಟೆಲಿಗೆ ಬಂದವನು. ಕರಾವಳಿಯ ಹುಡುಗರಿಗೆ ಆ ಕಾಲದಲ್ಲಿ ಐಟಿಐಗಿಂತ ದೊಡ್ಡ ಕಸುಬಿನ ಶಾಲೆ ಎಂದರೆ ಉಡುಪಿ ಹೋಟೆಲು. ಸಾಮಾನ್ಯ ಕೆಲಸದಿಂದ ಶುರುಮಾಡಿ 1938ರಲ್ಲಿ ರಾಯಪೇಟೆಯಲ್ಲಿ ವುಡ್‌ಲ್ಯಾಂಡ್ಸ್ ತೆರೆದ ಕಡಂದಲೆಯ ಕೃಷ್ಣರಾಯರ ಕಥೆ ನಮ್ಮ ಕಡೆ ಪ್ರತಿ ಮನೆಯ ಜಗಲಿಯಲ್ಲಿ ನಡೆಯುತ್ತಿತ್ತು. ಕ್ಲೀನರ್, ಸಪ್ಲೈಯರ್, ಅಡುಗೆಯವ, ಗಲ್ಲಾ, ಆಮೇಲೆ ಸ್ವಂತದ್ದು: ಮೆಟ್ಟಿಲು ಕಣ್ಣಿಗೆ ಕಾಣುತ್ತಿತ್ತು. ಎಲ್ಲರಿಗೂ ಅಲ್ಲ ಅನ್ನಿ. ಅಣ್ಣ ಸೇರಿದ ಹೋಟೆಲಿನಲ್ಲಿ ಅಡುಗೆಮನೆಯ ಬಾಗಿಲು ಜಾತಿ ನೋಡಿ ತೆರೆಯುತ್ತಿತ್ತು. ಆ ಮೆಟ್ಟಿಲನ್ನು ಹಾರಿ ದಾಟುವ ಹಾಗಿರಲಿಲ್ಲ. ಅವನು ಸಪ್ಲೈಯರನಾಗಿಯೇ ವರ್ಷಗಟ್ಟಲೆ ಕಳೆದು, ಕೊನೆಗೆ ಬಿಟ್ಟು, ಎಸ್ಟೇಟಿನ ಅಂಚಿನಲ್ಲಿ ಒಂದು ಟಿಫಿನ್ ಅಂಗಡಿ ಇಟ್ಟಿದ್ದ.

ನನ್ನ ನಿಜವಾದ ತರಬೇತಿ ಆ ಅಂಗಡಿಯ ಬೆಂಚಿನ ಮೇಲೆ ಆಯಿತು. ಹಗಲು ಸಂಸ್ಥೆಯಲ್ಲಿ ಪಾಠದ ಯೋಜನೆ ಹೇಗೆ ಬರೆಯಬೇಕು, ಒಂದು ಕೌಶಲವನ್ನು ಹೇಗೆ ಬಿಡಿಬಿಡಿಯಾಗಿ ಒಡೆದು ತೋರಿಸಬೇಕು ಎಂದು ಕಲಿಯುತ್ತಿದ್ದೆವು. ಸಂಜೆ ಶಿಫ್ಟು ಬಿಟ್ಟ ಟರ್ನರುಗಳು, ಅಪ್ರೆಂಟಿಸುಗಳು, ಪಕ್ಕದ ಐಟಿಐಯ ಹುಡುಗರು ಅಲ್ಲಿ ವಡೆಗೆ ಸೇರುತ್ತಿದ್ದರು. ಯಾವ ಶೆಡ್ಡಿನಲ್ಲಿ ಓವರ್‌ಟೈಮ್ ಸರಿಯಾಗಿ ಕೊಡುತ್ತಾರೆ, ಯಾವ ಮುದಲಾಳಿ ಹಬ್ಬಕ್ಕೆ ಬೋನಸ್ ತಪ್ಪಿಸುತ್ತಾನೆ, ಯಾರ ಲೇತಿನಲ್ಲಿ ಬೆರಳು ಹೋಯಿತು, ಎಲ್ಲ ಅಲ್ಲಿ ಗೊತ್ತಾಗುತ್ತಿತ್ತು. ಹದಿನೇಳರ ಹುಡುಗರು ಕಿವಿ ನೆಟ್ಟು ಕೇಳುತ್ತಿದ್ದರು. ಒಬ್ಬ ಹುಡುಗ ದೊಡ್ಡ ಕಂಪನಿಯಲ್ಲಿ ಅಪ್ರೆಂಟಿಸ್ ಸಿಕ್ಕಿತೆಂದು ಎಲ್ಲರಿಗೂ ಕಾಫಿ ಕೊಡಿಸಿದ. ಅಲ್ಲೇ ಕೂತಿದ್ದ ನಡುವಯಸ್ಸಿನ ಮೆಷಿನಿಸ್ಟ್ ಅವನಿಗೆ ಕಾಯಿದೆಯ 22ನೇ ಸೆಕ್ಷನ್ ಹೇಳಿದ: ಅಪ್ರೆಂಟಿಸ್ ಮುಗಿಸಿದವನಿಗೆ ಕೆಲಸ ಕೊಡಲೇಬೇಕೆಂದು ಮಾಲೀಕನ ಮೇಲೆ ಕಡ್ಡಾಯವಿಲ್ಲ. ಹುಡುಗನ ಮುಖ ಸಣ್ಣದಾಯಿತು. ನಾನು ಬೋಧಕ, ಆ ಸೆಕ್ಷನ್ ನಮ್ಮ ಪಠ್ಯದಲ್ಲಿ ಯಾರೂ ಒತ್ತಿ ಹೇಳಿರಲಿಲ್ಲ. ಊರಿಗೆ ಮರಳಿದ ಮೇಲೆ ಪ್ರತಿ ಬ್ಯಾಚಿಗೂ ನಾನದನ್ನು ಮೊದಲ ವಾರವೇ ಹೇಳಿದೆ. ಕೆಲವು ಸಹೋದ್ಯೋಗಿಗಳು ‘ಮಕ್ಕಳ ಉತ್ಸಾಹ ಯಾಕೆ ಕುಂದಿಸ್ತೀರಿ ಮಾರಾಯ್ರೆ’ ಅಂದರು. ಗೊತ್ತಿಲ್ಲದೆ ಇಟ್ಟುಕೊಂಡ ಉತ್ಸಾಹ ಎರಡು ವರ್ಷಕ್ಕೆ ಹೇಗೂ ಕುಂದುತ್ತದೆ.

ಅದೇ ಬೆಂಚಿನಲ್ಲಿ ಇನ್ನೊಬ್ಬ ಹುಡುಗ ಕೇಳಿದ್ದ, ‘ಸಾರ್, ಕಾರ್ಖಾನೆ ಅಷ್ಟು ಒಳ್ಳೇದಾದರೆ ನೀವು ಯಾಕೆ ಬಿಟ್ಟು ಸರ್ಕಾರಿ ಕೆಲಸಕ್ಕೆ ಬಂದ್ರಿ?’ ದಕ್ಷಿಣದ ನಾಲ್ಕೂ ರಾಜ್ಯಗಳಿಂದ ಬಂದಿದ್ದ ನಾವು ಬೋಧಕರು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಸತ್ಯ ಅದೇ. ಹುಡುಗರಿಗೆ ಶಾಪ್ ಫ್ಲೋರಿನ ಹೆಮ್ಮೆ ಕಲಿಸುವವರು ಶಾಪ್ ಫ್ಲೋರಿನಿಂದ ಪಾರಾಗಿ ಬಂದವರು. ನಮ್ಮ ಬಾಯಿ ಖಾಸಗಿ ಕಂಪನಿ ಎನ್ನುತ್ತದೆ, ನಮ್ಮ ಪೆನ್ಶನ್ ಬೇರೆಯದನ್ನೇ ಹೇಳುತ್ತದೆ. ಹುಡುಗರು ಎರಡನೆಯದನ್ನು ಕೇಳಿಸಿಕೊಳ್ಳುತ್ತಾರೆ.

ಮುಂದಿನದನ್ನು ಬೇಗ ಹೇಳಿ ಮುಗಿಸಬಹುದು, ಯಾಕೆಂದರೆ ಅದು ಎಲ್ಲರ ಕಣ್ಣೆದುರೇ ಆಯಿತು. ಟೆಲೆಕ್ಸ್ ಸತ್ತಿತು, ಟೆಲಿಪ್ರಿಂಟರ್ ಕಾರ್ಖಾನೆಯ ಬಹುಪಾಲು ಷೇರುಗಳನ್ನು ಸರ್ಕಾರ 2001ರಲ್ಲಿ ಖಾಸಗಿಯವರಿಗೆ ಮಾರಿತು. ಎಸ್ಟೇಟಿನ ಕೆಲವು ಶೆಡ್ಡುಗಳಲ್ಲಿ ಲೇತು ಇನ್ನೂ ತಿರುಗುತ್ತದೆ, ಆದರೆ ಅದರ ನಡುವೆಯೇ ಒಲಿಂಪಿಯಾ ಟೆಕ್ ಪಾರ್ಕಿನಂಥ ಗಾಜಿನ ಕಟ್ಟಡಗಳು ಎದ್ದಿವೆ. ಬೆಂಗಳೂರಿನಲ್ಲಿ ಎಚ್‌ಎಂಟಿ ವಾಚಿನ ಕಂಪನಿ ಮುಚ್ಚಲು 2016ರಲ್ಲಿ ಕೇಂದ್ರ ಸಂಪುಟ ಒಪ್ಪಿತು. ಕಾಯಂ ಕೆಲಸದ ಜಾಗಕ್ಕೆ ಗುತ್ತಿಗೆ ಬಂತು. ಐಟಿಐ ಪಾಸಾದವನು ಈಗ ಲ್ಯಾಟರಲ್ ಎಂಟ್ರಿಯಲ್ಲಿ ಡಿಪ್ಲೊಮಾಕ್ಕೆ, ಅಲ್ಲಿಂದ ಬಿಇಗೆ ಹೋಗಲು ನೋಡುತ್ತಾನೆ. ಕಸುಬಿನ ಆಸೆ ಬಿಟ್ಟನೆಂದು ಬೈಯುವವರಿದ್ದಾರೆ. ನಾನು ಬೈಯುವುದಿಲ್ಲ. ನನ್ನ ಅಪ್ಪ ಕೇಳಿದ ದಾರಿಯನ್ನೇ ಅವನೂ ಹುಡುಕುತ್ತಿದ್ದಾನೆ.

2015ರಲ್ಲಿ ಇನ್ನೊಂದು ಬದಲಾವಣೆ ಸದ್ದಿಲ್ಲದೆ ಆಯಿತು. ದೆಹಲಿಯಲ್ಲಿ ತರಬೇತಿ ಮತ್ತು ಅಪ್ರೆಂಟಿಸ್ ವಿಭಾಗವನ್ನು ಕಾರ್ಮಿಕ ಸಚಿವಾಲಯದಿಂದ ತೆಗೆದು ಹೊಸ ಕೌಶಲಾಭಿವೃದ್ಧಿ ಸಚಿವಾಲಯಕ್ಕೆ ಕೊಟ್ಟರು. ಉದ್ಯೋಗ ವಿಭಾಗ ಕಾರ್ಮಿಕ ಸಚಿವಾಲಯದಲ್ಲೇ ಉಳಿಯಿತು. ಶಿವರಾವ್ ಒಂದೇ ಹೆಸರಿನಲ್ಲಿ ಕಟ್ಟಿಟ್ಟಿದ್ದ ಎರಡು ಸಂಗತಿಗಳು ಎರಡು ಕಟ್ಟಡಗಳಾದವು. ಹೆಚ್ಚಿನವರಿಗೆ ಇದು ಆಡಳಿತದ ಸಣ್ಣ ವಿಷಯ. ನನಗೆ ಇದರಲ್ಲಿ ಮಾರ್ಲಿಯ ಕಾಗದದ ವಾಸನೆ ಬರುತ್ತದೆ.

ಕರ್ನಾಟಕದಲ್ಲಿ 150 ಸರ್ಕಾರಿ ಐಟಿಐಗಳಿಗೆ ಟಾಟಾ ಟೆಕ್ನಾಲಜೀಸ್ ಜೊತೆ ಸೇರಿ 4,700 ಕೋಟಿ ರೂಪಾಯಿಗೂ ಮಿಕ್ಕಿದ ವೆಚ್ಚದಲ್ಲಿ ಹೊಸ ಯಂತ್ರಗಳು ಬಂದಿವೆ. 2022ರ ಜೂನ್‌ನಲ್ಲಿ ಪ್ರಧಾನಿ ಉದ್ಘಾಟಿಸಿದರು. ರೋಬೋ ತೋಳು, ವಿದ್ಯುತ್ ವಾಹನದ ಮಾದರಿ, ಸಿಎನ್‌ಸಿ. ನಾನು ಹೋಗಿ ನೋಡಿದೆ, ಸಂತೋಷವೇ ಆಯಿತು. ಅರ ಹಾಕಿ ಅಂಗೈ ಒಡೆದುಕೊಂಡವನಿಗೆ ಆ ಯಂತ್ರಗಳ ಮೇಲೆ ಹೊಟ್ಟೆಕಿಚ್ಚೂ ಆಯಿತು. ಗೋಡೆಯ ಮೇಲೆ ಯಂತ್ರಗಳ ಪಟ್ಟಿ ಇತ್ತು, ಉದ್ಘಾಟಕರ ಹೆಸರುಗಳ ಫಲಕ ಇತ್ತು. ಅಲ್ಲಿಂದ ಪಾಸಾಗಿ ಹೋದವರ ಪಟ್ಟಿ ಇರಲಿಲ್ಲ.

ಆದ್ದರಿಂದ ಮಗನನ್ನೋ ಮಗಳನ್ನೋ ಐಟಿಐಗೆ ಸೇರಿಸುವವರಿದ್ದರೆ ಒಂದು ಕೆಲಸ ಮಾಡಿ. ಅರ್ಜಿ ತುಂಬುವ ಮೊದಲು, ಅದೇ ಟ್ರೇಡಿನಲ್ಲಿ ಹಿಂದಿನ ಮೂರು ವರ್ಷ ಪಾಸಾದವರು ಈಗ ಯಾವ ಊರಲ್ಲಿದ್ದಾರೆ, ಯಾವ ಕಂಪನಿಯಲ್ಲಿ, ಕಾಯಮ್ಮೋ ಗುತ್ತಿಗೆಯೋ, ಕೈಗೆ ಎಷ್ಟು ಸಂಬಳ ಬರುತ್ತದೆ ಎಂದು ಕಚೇರಿಯಲ್ಲಿ ಕೇಳಿ. ಹೆಣ್ಣುಮಗಳಾದರೆ ಶಿಫ್ಟು ಮತ್ತು ಬಸ್ಸಿನ ವಿಷಯವನ್ನೂ ಕೇಳಿ. ಅಂಥ ಪಟ್ಟಿ ಇಲ್ಲವೆಂದರೆ ಮಾಹಿತಿ ಹಕ್ಕಿನಲ್ಲಿ ಹತ್ತು ರೂಪಾಯಿ ಕಟ್ಟಿ ಅರ್ಜಿ ಹಾಕಿ. ನಾಲ್ಕು ಮಂದಿ ಕೇಳಿದರೆ ಪ್ರಿನ್ಸಿಪಾಲರು ಐದನೆಯವರಿಗಾಗಿ ಅದನ್ನು ಬರೆಸಿ ನೋಟಿಸ್ ಬೋರ್ಡಿಗೆ ಹಾಕಿಸುತ್ತಾರೆ.